ಏಳು ಕಿಲೋದೊಳಗೆ ಮೂರು ದಿನ: ಅಗಲಕ್ಕೆ ಬಿಚ್ಚಿಕೊಳ್ಳುವ ಬ್ಯಾಕ್‌ಪ್ಯಾಕ್ ಹೆಣ್ಣುಮಕ್ಕಳಿಗೆ ಎಷ್ಟು ಒಗ್ಗುತ್ತದೆ?

ಕಲಬುರಗಿ ಸ್ಟೇಷನ್ನಿನಲ್ಲಿ ಬೆಂಗಳೂರು ಮೀಟಿಂಗಿಗೆ ಹೊರಟ ಆಫೀಸ್ ಮಂದಿಯನ್ನು ನೋಡಿ. ಗಂಡಸರ ಬೆನ್ನಿಗೆ ಒಂದೊಂದೇ ಬ್ಯಾಗು, ಎರಡೂ ಕೈ ಖಾಲಿ. ಜೊತೆಗಿರುವ ಮೇಡಂ ಕೈಯಲ್ಲಿ ಟ್ರಾಲಿ, ಒಂದು ಹೆಗಲಿಗೆ ಲ್ಯಾಪ್‌ಟಾಪ್, ಇನ್ನೊಂದಕ್ಕೆ ಪರ್ಸು. "ಮೇಡಂ ಮನೀನೇ ಹೊತ್ಕೊಂಡ್ ಬಂದಾರ" ಎಂಬ ಮಾತು ಬಂದೇ ಬರುತ್ತದೆ. ಗಂಡಸರ ಪ್ಯಾಂಟಿಗೆ ನಾಲ್ಕು ಜೇಬು, ಮೂರು ದಿನ ಅದೇ ಪ್ಯಾಂಟು ಹಾಕಿದರೂ ಯಾರೂ ಕೇಳುವುದಿಲ್ಲ, ಬೂಟು ಒಂದೇ ಜೊತೆ. ಹೆಂಗಸರ ಒಂದು ಡ್ರೆಸ್ಸಿಗೆ ಮೂರು ಬಟ್ಟೆ, ಸೀರೆಗೂ ಅಷ್ಟೇ. ಹಾಗಾಗಿ "ಕಡಿಮೆ ತಗೊಂಡು ಬನ್ನಿ" ಅಂದರೆ ಸಾಲದು. ತೂಕ ಎಲ್ಲಿ ಹೋಗುತ್ತಿದೆ ಎಂದು ಗ್ರಾಂ ಲೆಕ್ಕದಲ್ಲಿ ನೋಡಬೇಕು, ಅದಕ್ಕೆ ಹೊಂದುವ ಬ್ಯಾಗು ಬೇಕು.

ಇಲ್ಲಿ ಪರೀಕ್ಷೆಗೆ ಇಟ್ಟಿರುವುದು ಒಂದು ಕಂಪನಿಯ ಬ್ಯಾಗನ್ನಲ್ಲ, ಒಂದು ನಮೂನೆಯನ್ನು. 35ರಿಂದ 40 ಲೀಟರ್ ಹಿಡಿಯುವ, ಮೂರು ಬದಿ ಚೈನು ಓಡಿ ಪುಸ್ತಕದಂತೆ ಹಾಸಿಗೆಯ ಮೇಲೆ ಪೂರ್ತಿ ಬಿಚ್ಚಿಕೊಳ್ಳುವ ಬ್ಯಾಕ್‌ಪ್ಯಾಕ್. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬ್ಯಾಗ್ ಅಂಗಡಿಗಳಲ್ಲಿ ಕೇಳಿದರೆ ತೋರಿಸುತ್ತಾರೆ, ಮೂರು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ. ಬಾಯಿ ಮೇಲೆ ಮಾತ್ರ ಇರುವ ಕಾಲೇಜು ಬ್ಯಾಗಿನಲ್ಲಿ ತಳದ ಕುರ್ತಾ ಬೇಕೆಂದರೆ ಎಲ್ಲವನ್ನೂ ಹೊರಗೆ ಹಾಕಬೇಕು. ಇದರಲ್ಲಿ ಆ ಕಾಟವಿಲ್ಲ, ಇಸ್ತ್ರಿ ಮಡಿಕೆಯೂ ಉಳಿಯುತ್ತದೆ.

ಈಗ ತೂಕ. ಖಾಲಿ ಬ್ಯಾಗು ಸುಮಾರು 1.2 ಕಿಲೋ. ಲ್ಯಾಪ್‌ಟಾಪ್, ಚಾರ್ಜರ್ ಸೇರಿ 2 ಕಿಲೋ. ಮೈಮೇಲೆ ಒಂದು ಜೊತೆ ಹಾಕಿಕೊಂಡು ಹೊರಟರೆ ಒಳಗೆ ಹೋಗುವುದು ಇಷ್ಟು: ಎರಡು ಕುರ್ತಾ 500 ಗ್ರಾಂ, ಒಂದು ಪ್ಯಾಂಟು 250, ವೇಲು 150, ಮೀಟಿಂಗಿನ ದಿನಕ್ಕೆ ಕ್ರೇಪ್ ಸೀರೆ, ಪೆಟಿಕೋಟ್, ಬ್ಲೌಸ್ ಸೇರಿ 700, ಒಳಉಡುಪು ನಾಲ್ಕು ಜೊತೆ 300, ರಾತ್ರಿ ಬಟ್ಟೆ 350, ಚಪ್ಪಟೆ ಚಪ್ಪಲಿ 350, ಸಾಬೂನು-ಎಣ್ಣೆ-ಬಾಚಣಿಗೆಯ ಪೌಚು 400, ಪ್ಯಾಡುಗಳು 100. ಒಟ್ಟು 6.3 ಕಿಲೋ. ಹೈದರಾಬಾದಿನಿಂದಲೋ ಬೀದರಿನಿಂದಲೋ ವಿಮಾನ ಹತ್ತುವುದಿದ್ದರೆ ಕೈಸಾಮಾನಿಗೆ ಸಾಮಾನ್ಯವಾಗಿ 7 ಕಿಲೋ ಮಿತಿ. ಉಳಿದ 700 ಗ್ರಾಂನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಆರಾಮಾಗಿ ಕೂರುತ್ತವೆ. ಇದೇ ಸಾಮಾನನ್ನು ಖಾಲಿಯಿದ್ದಾಗಲೇ 2.8 ಕಿಲೋ ತೂಗುವ ಟ್ರಾಲಿಗೆ ತುಂಬಿದರೆ ರೊಟ್ಟಿ ಇಡುವ ಮೊದಲೇ 7.9 ಆಗುತ್ತದೆ. ಕ್ರೇಪ್ ಬದಲು ದಪ್ಪ ಹತ್ತಿ ಕೈಮಗ್ಗದ ಸೀರೆ ಇಟ್ಟರೆ ಇನ್ನೂ 200 ಗ್ರಾಂ ಹೆಚ್ಚು. ಭಾರದ ಬೂಟು ಯಾವಾಗಲೂ ಕಾಲಿನಲ್ಲಿರಲಿ, ಬ್ಯಾಗಿನಲ್ಲಿ ಬೇಡ.

ಎರಡೇ ಕುರ್ತಾ ಸಾಕಾಗಬೇಕಾದರೆ ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಎರಡು ಮೂರು ತಾಸು ಸಾಕು. ಜುಲೈನ ಬೆಂಗಳೂರಿನಲ್ಲಿ ದಪ್ಪ ಹತ್ತಿ ಬೆಳಗಾದರೂ ತೇವವೇ. ಒಣ ಟವೆಲ್ಲಿನಲ್ಲಿ ಸುತ್ತಿ, ಅದರ ಮೇಲೆ ನಿಂತು ನೀರು ಹಿಂಡಿ, ಆಮೇಲೆ ಹರವಿ. ಅಲ್ಲಿಗೆ ತೆಳು ಬಟ್ಟೆಯನ್ನೇ ಒಯ್ಯಿರಿ. ಬೇಸಿಗೆಯಲ್ಲಿ ಕಡುಗಪ್ಪು ಕುರ್ತಾ ಬೇಡ. ಬೆವರು ಆರಿದ ಮೇಲೆ ಬೆನ್ನಿನ ಪಟ್ಟಿಯ ಜಾಗದಲ್ಲಿ ಉಪ್ಪಿನ ಬಿಳಿ ಗೆರೆ ಎದ್ದು ಕಾಣುತ್ತದೆ.

ಈ ನಮೂನೆಯ ದೊಡ್ಡ ಕೊರತೆ ಮೈಗೆ ಹೊಂದುವುದರಲ್ಲಿದೆ. ಹೆಚ್ಚಿನವು ಗಂಡಸಿನ ಬೆನ್ನಿನ ಅಳತೆಗೆ ಹೊಲಿದವು. ಕೊಳ್ಳುವ ಮೊದಲು ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ: ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ. ಅದು 40 ಸೆಂ.ಮೀ. ಇದ್ದು ಬ್ಯಾಗು 50 ಸೆಂ.ಮೀ. ಉದ್ದವಿದ್ದರೆ ಸೊಂಟದ ಪಟ್ಟಿ ಎಲುಬಿನ ಮೇಲೆ ಕೂರದೆ ಕೆಳಗೆ ಜಾರುತ್ತದೆ, ಭಾರವೆಲ್ಲ ಹೆಗಲಿಗೇ ಬೀಳುತ್ತದೆ. ಹೆಗಲಪಟ್ಟಿಗಳ ಬುಡ ಒಂದಕ್ಕೊಂದು ದೂರವಿದ್ದರೆ ಕಿರಿದಾದ ಹೆಗಲಿನಿಂದ ಅವು ಜಾರುತ್ತಲೇ ಇರುತ್ತವೆ. ಜಾರದಿರಲೆಂದು ಎದೆಪಟ್ಟಿ ಬಿಗಿದರೆ ಅದು ಸರಿಯಾಗಿ ಸ್ತನದ ಮೇಲೆಯೇ ಒತ್ತುತ್ತದೆ. ಇದನ್ನು ಮುಜುಗರದಿಂದ ನುಂಗಿಕೊಂಡು ಬರಬೇಕಾಗಿಲ್ಲ. ಎದೆಪಟ್ಟಿ ಮೇಲೆ ಕೆಳಗೆ ಸರಿಯಬೇಕು, ಕೊರಳೆಲುಬಿನಿಂದ ನಾಲ್ಕು ಬೆರಳು ಕೆಳಗೆ ನಿಲ್ಲಬೇಕು. ಸರಿಯದಿದ್ದರೆ ಬ್ಯಾಗ್ ರಿಪೇರಿಯವರ ಹತ್ತಿರ ಬಿಚ್ಚಿಸಿ ಮೇಲಕ್ಕೆ ಹೊಲಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಸೀರೆಯ ಮೇಲೆ ಮಾತ್ರ ಈ ಬ್ಯಾಗು ಬೇಡ: ಎಡಪಟ್ಟಿ ಪಿನ್ನು ಹಾಕಿದ ಸೆರಗನ್ನು ಎಳೆದು ಹರಿಯುತ್ತದೆ, ಸೊಂಟದ ಬಕಲ್ ನಿರಿಗೆಯ ಗಂಟನ್ನು ಒತ್ತುತ್ತದೆ. ಪ್ರಯಾಣ ಕುರ್ತಾದಲ್ಲಿ ಮಾಡಿ, ಸೀರೆ ಅಲ್ಲಿ ಹೋಗಿ ಉಡಿ.

ಮನಸ್ಸು ಗೆಲ್ಲುವುದು ಮೇಲಿನ ಚಿಕ್ಕ ಜೇಬು. ಯಾದಗಿರಿ, ಶಹಾಪುರ, ಸುರಪುರದ ಕಡೆ ಸೈಟಿಗೆ ಒಂದೇ ಗಾಡಿಯಲ್ಲಿ ಐದು ಜನ ಹೋದಾಗ ಎಲ್ಲರ ಎದುರಿಗೆ ಬ್ಯಾಗನ್ನು ಅಗಲಕ್ಕೆ ಬಿಚ್ಚಲಾಗುವುದಿಲ್ಲ. ಎರಡು ಪ್ಯಾಡು, ಒಂದು ಒಳಉಡುಪು, ಟಿಶ್ಯೂ, ಪೇಪರ್ ಸೋಪು, ಬಳಸಿದ್ದನ್ನು ಹಾಕಿಕೊಳ್ಳಲು ಒಂದು ಕಪ್ಪು ಜಿಪ್ ಕವರು, ಇಷ್ಟನ್ನು ಅಂಗೈ ಅಗಲದ ಬಟ್ಟೆ ಪೌಚಿನಲ್ಲಿಟ್ಟು ಆ ಜೇಬಿಗೆ ಹಾಕಿದರೆ ಒಂದೇ ಕೈಯಲ್ಲಿ ತೆಗೆದುಕೊಂಡು ಹೋಗಬಹುದು. ಗಾಡಿಯ ಡಿಕ್ಕಿಯಲ್ಲಿ ನಿಮ್ಮ ಬ್ಯಾಗು ತಳಕ್ಕೆ ಸೇರಿಬಿಟ್ಟರೆ ಆ ಪೌಚು ಇದ್ದೂ ಇಲ್ಲದಂತೆ. ಹತ್ತುವ ಮೊದಲೇ ಅದನ್ನು ಪರ್ಸಿಗೆ ಹಾಕಿಕೊಳ್ಳಿ.

ಚೈನು ಈ ಬ್ಯಾಗಿನ ಜೀವಾಳ, ಮೊದಲು ಕೈಕೊಡುವುದೂ ಅದೇ. ರನ್ನರಿನ ಬೆನ್ನ ಮೇಲೆ ಸಾಮಾನ್ಯವಾಗಿ ಚೈನಿನ ಅಳತೆ 5 ಅಥವಾ 8 ಎಂದು ಅಂಕಿ ಇರುತ್ತದೆ. ದೊಡ್ಡ ಬಾಯಿಗೆ 8 ಬೇಕು, 5 ಇದ್ದರೆ ಆ ಬ್ಯಾಗು ಬಿಡಿ. ಕರಿಮಣ್ಣಿನ ಧೂಳು, ಶಹಾಬಾದ್-ವಾಡಿ ಕಡೆಯ ಕಲ್ಲು-ಸಿಮೆಂಟಿನ ಪುಡಿ ಹಲ್ಲಿನ ಸಂದಿಗೆ ಸೇರಿ, ಮೂಲೆಯಲ್ಲಿ ಚೈನು ತಿರುಗುವ ಕಡೆ ಸಿಕ್ಕಿಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ, ಮೇಣದಬತ್ತಿ ಸವರಿ, ರನ್ನರನ್ನು ನಾಲ್ಕು ಸಲ ಓಡಿಸಿ. ಕೊಬ್ಬರಿ ಎಣ್ಣೆ ಹಾಕಿದರೆ ಧೂಳು ಇನ್ನಷ್ಟು ಹಿಡಿಯುತ್ತದೆ. ರನ್ನರು ದಾಟಿದ ಮೇಲೆ ಹಿಂದೆ ಚೈನು ಬಾಯಿ ಬಿಡುತ್ತಿದ್ದರೆ ಹಲ್ಲು ಹೋಗಿಲ್ಲ, ರನ್ನರು ಸಡಿಲಾಗಿದೆ. ಇಕ್ಕಳದಿಂದ ಎರಡೂ ಬದಿ ಕೂದಲೆಳೆಯಷ್ಟು ಒತ್ತಿ. ಹೆಚ್ಚು ಒತ್ತಿದರೆ ಮುರಿಯುತ್ತದೆ.

ಬಾಟಲಿ ಜೇಬು ಬಹಳ ಗಿಡ್ಡ, ಬಗ್ಗಿದರೆ ಲೀಟರ್ ಬಾಟಲಿ ಬಿದ್ದೇ ಬೀಳುತ್ತದೆ. ಲ್ಯಾಪ್‌ಟಾಪಿನ ಗೂಡು ತಳದವರೆಗೂ ಇಳಿದಿದ್ದರೆ ಫರಸಿಯ ಮೇಲೆ ಬ್ಯಾಗು ಇಟ್ಟ ಪ್ರತಿ ಸಲ ಅದರ ಮೂಲೆಗೆ ಪೆಟ್ಟು. ತಳಕ್ಕೆ ವೇಲನ್ನು ಎರಡು ಬೆರಳು ದಪ್ಪಕ್ಕೆ ಮಡಚಿ ಇಡಿ.

2024ರಲ್ಲಿ ಶುರುವಾದ ಕಲಬುರಗಿ-ಬೆಂಗಳೂರು ವಂದೇ ಭಾರತ್ ರೈಲಿನಲ್ಲಿ ಬ್ಯಾಗು ತಲೆಯ ಮೇಲಿನ ರ್‍ಯಾಕಿಗೇ ಹೋಗಬೇಕು. ಪಕ್ಕದವರು "ಕೊಡ್ರಿ ಮೇಡಂ" ಅನ್ನುವ ಮೊದಲೇ ಇಡಲು ಬರಬೇಕಾದರೆ ಮೇಲೆ ಒಂದು, ಪಕ್ಕದಲ್ಲಿ ಒಂದು ಹಿಡಿಕೆ ಬೇಕು. ಮೊದಲು ಸೀಟಿನ ಮೇಲೆ, ಅಲ್ಲಿಂದ ಎದೆಮಟ್ಟಕ್ಕೆ, ಬೆನ್ನಿನ ಬದಿ ನಿಮ್ಮ ಕಡೆಗೆ ಇರುವಂತೆ ಮೇಲಕ್ಕೆ. ರಾತ್ರಿ ರೈಲಿನಲ್ಲಾದರೆ ಕೆಳಬರ್ತಿನ ಅಡಿಯ ಕೊಕ್ಕೆಗೆ ಸರಪಳಿ ಬೀಗ ಹಾಕಿ. ಒಂದೇ ಪಟ್ಟಿಗೆ ಹಾಕಿದರೆ ಕಳ್ಳನ ಬ್ಲೇಡಿಗೆ ಸುಲಭ, ಹಿಡಿಕೆ ಮತ್ತು ಎರಡೂ ಪಟ್ಟಿಯ ನಡುವಿನಿಂದ ತೂರಿಸಿ.

ಅಂಗಡಿಗೆ ನಿಮ್ಮ ಲ್ಯಾಪ್‌ಟಾಪ್, ನೀರು ತುಂಬಿದ ಲೀಟರ್ ಬಾಟಲಿ ನಾಲ್ಕು ಒಯ್ಯಿರಿ. ಎಲ್ಲ ತುಂಬಿ, ಬಕಲ್ ಹಾಕಿ ಹತ್ತು ನಿಮಿಷ ಓಡಾಡಿ, ಆಮೇಲೆ ತಲೆ ಮೇಲಕ್ಕೆ ಎತ್ತಿ ಹತ್ತು ಎಣಿಸಿ. ಕೈ ನಡುಗಿದರೆ ಒಂದು ಅಳತೆ ಚಿಕ್ಕದು, 30 ಲೀಟರಿನದು ಕೇಳಿ. ಮೂರೂ ದಿನ ಸೀರೆಯೇ ಉಡಬೇಕಾದ ಕೆಲಸವಿದ್ದರೆ ಈ ಬ್ಯಾಗು ನಿಮಗಲ್ಲ. ದೊಡ್ಡ ಗಾಲಿಯ, ಎರಡೇ ಚಕ್ರದ ಟ್ರಾಲಿ ಕೊಳ್ಳಿ, ನಾಲ್ಕು ಚಕ್ರದ್ದು ನಮ್ಮ ಬಸ್ ಸ್ಟ್ಯಾಂಡಿನ ಜಲ್ಲಿಗೆ ತಡೆಯುವುದಿಲ್ಲ.