ಹನಿಯೋ, ಕೊರಳಪಟ್ಟಿಯೋ, ಮಾತ್ರೆಯೋ: ನಾಯಿ ಬೆಕ್ಕು ಒಟ್ಟಿಗಿರುವ ಮಲೆನಾಡಿನ ಮನೆಯಲ್ಲಿ ಉಣುಗಿನ ಔಷಧಿಗಳ ಹೋಲಿಕೆ

ನಾಯಿಗೆ ಉಣುಗಿನ ಔಷಧಿ ಕೊಳ್ಳುವಾಗ ಹೆಚ್ಚಿನವರು ವಿಚಾರಿಸುವುದು ಅದು ಎಷ್ಟು ಬೇಗ ಉಣುಗನ್ನು ಕೊಲ್ಲುತ್ತದೆ ಎಂಬುದನ್ನು. ಅದೇ ಮನೆಯಲ್ಲಿ ಬೆಕ್ಕೂ ಇದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಔಷಧಿ ನಾಯಿಯ ಮೈಮೇಲೆ ಉಳಿಯುತ್ತದೆಯೋ, ಅದರ ಹೊಟ್ಟೆಗೆ ಹೋಗುತ್ತದೆಯೋ? ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ತೋಟಕ್ಕೆ ಅಂಟಿಕೊಂಡಿರುವ ನಮ್ಮ ಮನೆಯಲ್ಲಿ ನಾಯಿಯೂ ಬೆಕ್ಕುಗಳೂ ಜಗಲಿಯ ಒಂದೇ ಗೋಣಿಚೀಲದ ಮೇಲೆ ಮಲಗುತ್ತವೆ, ಬೆಕ್ಕು ನಾಯಿಯ ಕಿವಿಯನ್ನು ನೆಕ್ಕಿ ಒಪ್ಪ ಮಾಡುತ್ತದೆ. ಹಾಗಾಗಿ ಇಲ್ಲಿ ಬರೆದಿರುವ ತೀರ್ಮಾನಗಳೆಲ್ಲ ಈ ಸಹವಾಸವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮೂಡಿದವು.

ನಮ್ಮಲ್ಲಿ ಉಣುಗಿಗೆ ಬಿಡುವಿನ ಕಾಲವೆಂಬುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಮಾಡಿಕೊಡುವ ಕೆಲಸವನ್ನು ಇಲ್ಲಿ ಯಾವ ಋತುವೂ ಮಾಡುವುದಿಲ್ಲ. ಅದರಲ್ಲೂ ನಾಯಿಗೆ ಹತ್ತುವ ಕಂದು ಉಣುಗು ಕಾಡಿಗಿಂತ ಮನೆಯನ್ನೇ ಇಷ್ಟಪಡುವ ಜೀವಿ. ಮರಿ ರಕ್ತ ಕುಡಿದು ಕೆಳಗುದುರುತ್ತದೆ, ಗೋಡೆಯ ಬಿರುಕಿನಲ್ಲಿ ಪೊರೆ ಕಳಚಿ ಮತ್ತೆ ನಾಯಿಯನ್ನು ಹತ್ತುತ್ತದೆ, ಪುನಃ ಉದುರುತ್ತದೆ. ಕೊನೆಗೆ ಹರಳುಬೀಜದಂತೆ ಉಬ್ಬಿದ ಹೆಣ್ಣು ಗೋಡೆಯ ಸಂದಿಗೆ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ಕಾಣುವುದು ಒಟ್ಟು ಸಂಖ್ಯೆಯ ಒಂದು ಸಣ್ಣ ಪಾಲು ಮಾತ್ರ. ಮಂಗನ ಕಾಯಿಲೆಯನ್ನು ಹರಡುವುದು ಮುಖ್ಯವಾಗಿ ಕಾಡಿನ ಬೇರೊಂದು ಜಾತಿಯ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಆ ಕಾಯಿಲೆ ಗುರುತಾದಂದಿನಿಂದ ನಮ್ಮ ಜಿಲ್ಲೆಯವರಿಗೆ ಎಲ್ಲ ಉಣುಗುಗಳ ಮೇಲೂ ಒಂದೇ ಭಯ. ನಾಯಿಯ ಮಟ್ಟಿಗೆ ದೊಡ್ಡ ಅಪಾಯ ಎರ್ಲಿಕಿಯಾ ಮತ್ತು ಬೇಬೀಸಿಯಾ ಎಂಬ ರೋಗಾಣುಗಳದ್ದು. ಜ್ವರ ಬಂದು, ಊಟ ಬಿಟ್ಟು, ವಸಡು ಬಿಳಿಚಿಕೊಂಡು, ಕೆಲವೊಮ್ಮೆ ಮೂಗಿನಿಂದ ರಕ್ತ ಬರುವ ಈ ಸ್ಥಿತಿಯನ್ನೇ ಪಶುವೈದ್ಯರು ಟಿಕ್ ಫೀವರ್ ಎನ್ನುವುದು.

ಮೊದಲು ಬಳಸಿದ್ದು ಊರಿನ ಪಶು ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಮಿಟ್ರಾಜ್ ದ್ರಾವಣವನ್ನು. ದನಕ್ಕೂ ನಾಯಿಗೂ ಅದೇ ಬಾಟಲಿ, ನೀರಿಗೆ ಬೆರೆಸುವ ಅಳತೆ ಮಾತ್ರ ಬೇರೆ. ಬೆಲೆಯಲ್ಲಿ ಇದಕ್ಕೆ ಸಾಟಿಯಿಲ್ಲ, ಮೈಮೇಲಿದ್ದ ಉಣುಗುಗಳು ಸತ್ತು ಉದುರುವುದೂ ನಿಜ. ಆದರೆ ಸ್ನಾನ ಮಾಡಿಸಿದ ಮೇಲೆ ನಾಯಿ ಮಂಕಾಗಿ ಮಲಗುವುದನ್ನು ಕಂಡಿದ್ದೇನೆ. ಅಮಿಟ್ರಾಜ್ ನರಮಂಡಲವನ್ನು ಮಂದಗೊಳಿಸಿ ಹೃದಯಬಡಿತವನ್ನು ಇಳಿಸಬಲ್ಲದು, ರಕ್ತದ ಸಕ್ಕರೆಯನ್ನು ಏರಿಸಬಲ್ಲದು, ಆದ್ದರಿಂದ ಮಧುಮೇಹವಿರುವ ನಾಯಿಗೆ ಇದು ಸಲ್ಲದು. ಬೆಕ್ಕಿಗಂತೂ ಇದು ವಿಷ. ನಾಯಿಯ ಮೈ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಬೇಕು, ನಾಯಿಯೂ ಮೈ ನೆಕ್ಕದಂತೆ ಕಾವಲು ಕಾಯಬೇಕು. ಮಳೆಗಾಲದಲ್ಲಿ ನಮ್ಮ ಕಡೆ ನಾಯಿಯ ಮೈ ಒಣಗುವುದೇ ಸಂಜೆಗೆ. ಬಡತನದ ನಡುವೆಯೂ ಪ್ರಾಣಿ ಸಾಕುವವರನ್ನು ಈ ಬಾಟಲಿ ಎಷ್ಟೋ ಬಾರಿ ಕಾಪಾಡಿದೆ ಎಂಬ ಗೌರವ ಇಟ್ಟುಕೊಂಡೇ, ಬೆಕ್ಕಿರುವ ಮನೆಗೆ ಇದು ಬೇಡವೆಂದು ಹೇಳುತ್ತೇನೆ.

ಎರಡನೆಯದು ಹೆಗಲ ನಡುವೆ ಬಿಡುವ ಫಿಪ್ರೊನಿಲ್ ಹನಿ. ಕೂದಲು ಬಿಡಿಸಿ ಚರ್ಮ ಕಾಣುವಂತೆ ಮಾಡಿ, ನಾಲಿಗೆಗೆ ಎಟುಕದ ಜಾಗದಲ್ಲಿ ಸುರಿದರೆ, ಚರ್ಮದ ಜಿಡ್ಡಿನೊಂದಿಗೆ ಅದು ಒಂದೆರಡು ದಿನದಲ್ಲಿ ಮೈಗೆಲ್ಲ ಹರಡಿಕೊಳ್ಳುತ್ತದೆ. ಹಾಕುವ ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಸ್ನಾನ ಮಾಡಿಸಬಾರದು. ಬೇಸಿಗೆಯಲ್ಲಿ ನಮಗೆ ಇದರಿಂದ ತಕ್ಕಮಟ್ಟಿಗೆ ಸಮಾಧಾನವಿತ್ತು. ಜೂನ್ ತಿಂಗಳಲ್ಲಿ, ಬಾಗಿಲು ತೆರೆದರೆ ತೋಟದ ಕೆಸರಿಗೆ ಓಡುವ ನಾಯಿಯ ಮೇಲೆ ತಿಂಗಳು ತುಂಬುವ ಮೊದಲೇ ಅದರ ಬಲ ಕುಂದುತ್ತಿತ್ತು. ಬೆರಳ ಸಂದಿಗಳಲ್ಲಿ, ಕಿವಿಯ ಮಡಿಕೆಯೊಳಗೆ ಎಳ್ಳಿನಷ್ಟು ಸಣ್ಣ ಮರಿಗಳು ಮತ್ತೆ ಸಿಗುತ್ತಿದ್ದವು. ಬೆಕ್ಕಿಗಾಗಿಯೇ ತಯಾರಾದ ಫಿಪ್ರೊನಿಲ್ ಹನಿಯೂ ಇದೆ, ಚಿಗಟಕ್ಕೆ ಅದು ಒಳ್ಳೆಯದು. ಆದರೆ ನಾಯಿಗಳಿಗೆಂದು ಮಾರುವ ಕೆಲವು ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಯಕೃತ್ತು ಅದನ್ನು ಬೇಗ ಒಡೆದು ಹೊರಹಾಕಲಾರದ ಕಾರಣ, ನಾಯಿಯ ಮೈಯಿಂದ ತಗುಲಿದ ಪ್ರಮಾಣವೂ ನಡುಕ, ಜೊಲ್ಲು, ಸೆಳವು ತರಿಸಿ ಬೆಕ್ಕನ್ನು ಕೊಲ್ಲಬಹುದು. ಹೊದಿಕೆಯ ಹಿಂಭಾಗದ ಸಣ್ಣ ಅಕ್ಷರ ಓದದೆ ಯಾವ ಹನಿಯನ್ನೂ ಮನೆಗೆ ತರಬಾರದು. ದನಕ್ಕೆ ಹೊಡೆಯುವ ಸೈಪರ್ಮೆಥ್ರಿನ್ ಕೂಡ ಪರ್ಮೆಥ್ರಿನ್‌ನ ಗುಂಪಿನದೇ.

ಕೊರಳಪಟ್ಟಿಯ ವಿಷಯದಲ್ಲಿ ನನಗೆ ನಿಜವಾದ ಮೆಚ್ಚುಗೆ ಇದೆ. ಇಮಿಡಾಕ್ಲೋಪ್ರಿಡ್ ಮತ್ತು ಫ್ಲುಮೆಥ್ರಿನ್ ಬೆರೆತ ಪಟ್ಟಿ ಏಳೆಂಟು ತಿಂಗಳು ಕೆಲಸ ಮಾಡುತ್ತದೆ. ಫ್ಲುಮೆಥ್ರಿನ್ ಪರ್ಮೆಥ್ರಿನ್‌ನ ಬಂಧುವೇ ಆದರೂ, ಈ ಪಟ್ಟಿಯನ್ನು ಬೆಕ್ಕಿನ ಅಳತೆಯಲ್ಲಿಯೂ ತಯಾರಿಸುತ್ತಾರೆ, ಬೆಕ್ಕಿನ ಬಳಕೆಗೆ ಅದಕ್ಕೆ ಒಪ್ಪಿಗೆ ಇದೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಅದು ಬಹುಪಾಲು ಉಣುಗುಗಳನ್ನು ಕಚ್ಚುವ ಮೊದಲೇ ಓಡಿಸುತ್ತದೆ ಅಥವಾ ಕೊಲ್ಲುತ್ತದೆ. ಕಚ್ಚದ ಉಣುಗು ರೋಗ ದಾಟಿಸಲಾರದು. ಕೊರತೆಗಳೂ ಇವೆ. ಪದೇಪದೇ ನೆನೆದರೆ ಅವಧಿ ಕುಗ್ಗುತ್ತದೆ. ಪಟ್ಟಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಹಿಡಿಸುವಷ್ಟೇ ಸಡಿಲವಿರಬೇಕು; ಇನ್ನೂ ಸಡಿಲ ಬಿಟ್ಟರೆ ಔಷಧಿ ಚರ್ಮಕ್ಕೆ ತಾಗುವುದಿಲ್ಲ, ಬಿಗಿಯಾದರೆ ತೇವ ಕೂತು ಚರ್ಮ ಕೆಂಪಾಗುತ್ತದೆ. ನಮ್ಮ ನಾಯಿಗೆ ಆಟಿಯ ಮಳೆಯಲ್ಲಿ ಕುತ್ತಿಗೆಯ ಸುತ್ತ ಕೂದಲು ಉದುರಿದ್ದರಿಂದ ಪಟ್ಟಿ ತೆಗೆಯಬೇಕಾಯಿತು. ಬೆಕ್ಕು ನಾಯಿಯ ಕುತ್ತಿಗೆಗೇ ತಲೆಯಿಟ್ಟು ಮಲಗುವುದು, ಆಟಕ್ಕೆ ಪಟ್ಟಿಯನ್ನು ಕಚ್ಚಿ ಎಳೆಯುವುದು ನನ್ನನ್ನು ಕೊನೆಯವರೆಗೂ ಚಿಂತೆಗೀಡುಮಾಡಿತು. ಇನ್ನೊಂದು ಎಚ್ಚರಿಕೆ: ಇವುಗಳ ಹೆಸರಿನಲ್ಲಿ ನಕಲಿ ಪಟ್ಟಿಗಳು ಮಾರಾಟವಾಗುವುದರಿಂದ ಪರಿಚಿತ ಅಂಗಡಿಯಲ್ಲೇ ಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಮನೆಯಲ್ಲಿ ನೆಲೆನಿಂತಿರುವುದು ಅಗಿಯುವ ಮಾತ್ರೆ. ಅಫಾಕ್ಸೊಲೇನರ್ ಆದರೆ ತಿಂಗಳಿಗೊಂದು, ಫ್ಲುರಾಲೇನರ್ ಆದರೆ ಹನ್ನೆರಡು ವಾರಕ್ಕೊಂದು. ಊಟದ ಜೊತೆ ಕೊಟ್ಟರೆ ಫ್ಲುರಾಲೇನರನ್ನು ನಾಯಿಯ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಮೊಸರನ್ನದ ಮಧ್ಯೆ ಇಟ್ಟರೆ ನಮ್ಮ ನಾಯಿ ಮಾತ್ರೆಯ ಸುಳಿವೂ ಹಿಡಿಯುವುದಿಲ್ಲ. ಮಳೆ, ಕೆಸರು, ಸ್ನಾನ ಯಾವುದೂ ಇದರ ಬಲವನ್ನು ತೊಳೆಯಲಾರವು, ಬೆಕ್ಕು ನಾಯಿಯ ಮೈ ನೆಕ್ಕಿದರೂ ಆತಂಕವಿಲ್ಲ. ಇದರ ದೌರ್ಬಲ್ಯ ಸ್ಪಷ್ಟವಾಗಿ ತಿಳಿದಿರಬೇಕು. ಉಣುಗು ಕಚ್ಚಿ ರಕ್ತ ಹೀರಿದ ಮೇಲಷ್ಟೇ ಔಷಧಿ ಅದರೊಳಗೆ ಸೇರುತ್ತದೆ, ಆದ್ದರಿಂದ ಟಿಕ್ ಫೀವರ್‌ನ ಸಾಧ್ಯತೆ ತಗ್ಗುತ್ತದೆಯೇ ಹೊರತು ಶೂನ್ಯವಾಗುವುದಿಲ್ಲ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಸೆಳವು ಕಾಣಿಸಿಕೊಂಡಿದ್ದರಿಂದ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ನೀಡಿದೆ. ಹಿಂದೆ ಸೆಳವು ಬಂದ ನಾಯಿಗೆ ಪಶುವೈದ್ಯರ ಸಲಹೆಯಿಲ್ಲದೆ ಕೊಡಲೇಬಾರದು. ಒಂದೇ ಸಲಕ್ಕೆ ಕೊಡಬೇಕಾದ ಹಣ ಭಾರವೆನಿಸುತ್ತದೆ. ನಾಯಿಯ ತೂಕಕ್ಕೆ ತಕ್ಕ ಮಾತ್ರೆಯನ್ನೇ ಕೊಳ್ಳಬೇಕು, ದೊಡ್ಡದನ್ನು ತಂದು ತುಂಡು ಮಾಡಿ ಎರಡು ನಾಯಿಗೆ ಹಂಚುವ ರೂಢಿ ಸರಿಯಲ್ಲ.

ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಇವನ್ನು ನಾನು ಹೋಲಿಕೆಗೆ ತೆಗೆದುಕೊಂಡಿಲ್ಲ. ನೆಕ್ಕಿದರೆ ಮೂರೂ ವಿಷವೇ. ಬೇವಿನೆಣ್ಣೆಯ ವಾಸನೆ ಕೆಲವು ಹೊತ್ತು ಉಣುಗನ್ನು ದೂರವಿಡುತ್ತದೆ, ಅಷ್ಟಕ್ಕೆ ಅದರ ಕೆಲಸ ಮುಗಿಯಿತು.

ಯಾವ ಔಷಧಿ ಬಳಸಿದರೂ ಗೋಡೆಯನ್ನು ಬಿಟ್ಟರೆ ಫಲವಿಲ್ಲ. ಸಂಜೆ ಜಗಲಿಯ ದೀಪ ಹಾಕಿದಾಗ ಗೋಡೆಯ ಮೇಲೆ ಹತ್ತುತ್ತಿರುವ ಮರಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿದೆವು, ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಕುದಿನೀರಿಗೆ ಹಾಕುತ್ತೇವೆ. ಮಾತ್ರೆ ಶುರುವಾದ ಮೇಲೂ ಗೋಡೆ ಖಾಲಿಯಾಗಲು ತಿಂಗಳುಗಳೇ ಹಿಡಿದವು, ಏಕೆಂದರೆ ಹಸಿದ ಉಣುಗು ಅಷ್ಟು ಕಾಲ ಉಪವಾಸವಿರಬಲ್ಲದು. ಮೈಯಲ್ಲಿ ಸಿಕ್ಕ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿಗೆ ಹಾಕಬೇಕು. ಉಗುರಿನಲ್ಲಿ ಚಿವುಟುವುದೂ ಊದುಬತ್ತಿಯಿಂದ ಸುಡುವುದೂ ಬೇಡ.

ಬೆಕ್ಕಿಲ್ಲದ ಮನೆಯಲ್ಲಿ, ನಾಯಿಗೆ ಈ ಹಿಂದೆ ಟಿಕ್ ಫೀವರ್ ಬಂದಿದ್ದು ಅದು ಹೆಚ್ಚು ನೆನೆಯದ ನಾಯಿಯಾಗಿದ್ದರೆ, ನಾನು ಮಾತ್ರೆಗಿಂತ ಪಟ್ಟಿಯನ್ನೇ ಆರಿಸುವೆ. ಬೆಕ್ಕಿದ್ದು ಮಳೆ ಜೋರಾಗಿರುವ ನಮ್ಮಂಥ ಮನೆಗಳಲ್ಲಿ ನಾಯಿಗೆ ಹನ್ನೆರಡು ವಾರದ ಮಾತ್ರೆ, ಬೆಕ್ಕಿಗೆ ಬೆಕ್ಕಿನದೇ ಹನಿ, ಎರಡರ ಮುಂದಿನ ದಿನಾಂಕವನ್ನೂ ಗೋಡೆಯ ಪಂಚಾಂಗದಲ್ಲಿ ಬರೆದಿಟ್ಟುಕೊಂಡಿದ್ದೇವೆ.