ಒಂದೇ ಡೇಟಾಗೆ ನಾಲ್ಕು ಕಡೆ ಕೋಡ್‌ಬುಕ್: ಸ್ಟಾಟಾ, ಎಸ್‌ಪಿಎಸ್‌ಎಸ್, ಆರ್, ಎಕ್ಸೆಲ್

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ ಕೋಡ್ 16. ಐದನೇ ಸುತ್ತಿನಲ್ಲಿ 29. ಮೊದಲನೆಯದರಲ್ಲಿ ರಾಜ್ಯಗಳನ್ನು ಹೆಚ್ಚುಕಡಿಮೆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದರು, ಎರಡನೆಯದರಲ್ಲಿ ಜನಗಣತಿಯ ಕೋಡ್ ಹಾಕಿದರು. ವೇರಿಯಬಲ್, ಅಂದರೆ ಡೇಟಾದ ಕಾಲಂ, ಅದರ ಹೆಸರು ಮಾತ್ರ ಎರಡರಲ್ಲೂ ವಿ024. ಹಳೇ ಫೈಲಿನಲ್ಲಿ 29 ಅಂತ ಆರಿಸಿದರೆ ರಾಜಸ್ಥಾನದ ಮಹಿಳೆಯರು ಬರುತ್ತಾರೆ. ಹೊಸದರಲ್ಲಿ 16 ಅಂದರೆ ತ್ರಿಪುರಾ. ಯಾವ ಸಾಫ್ಟ್‌ವೇರೂ ತಕರಾರು ಮಾಡದೆ ಲೆಕ್ಕ ಹಾಕಿಕೊಡುತ್ತದೆ.

ಹಾಗಾಗಿ ಕೋಡ್‌ಬುಕ್, ಅಂದರೆ ಯಾವ ವೇರಿಯಬಲ್ ಏನು, ಯಾವ ಕೋಡ್‌ಗೆ ಏನರ್ಥ ಎಂಬ ಪಟ್ಟಿ, ಯಾವುದರಲ್ಲಿ ಮಾಡಿದರೆ ಒಳ್ಳೇದು ಎಂದು ನೋಡಲು ನಾನು ಇದೇ ಡೇಟಾ ಹಿಡಿದುಕೊಂಡೆ. 2019–21ರ ಐದನೇ ಸುತ್ತಿನ ಮಹಿಳೆಯರ ಫೈಲು. 7,24,115 ಸಾಲು, ಸಾವಿರಗಟ್ಟಲೆ ವೇರಿಯಬಲ್. ಹಲವು ದೇಶಗಳ ಇಂಥ ಸಮೀಕ್ಷೆಗಳ ಡೇಟಾ ಹಂಚುವ ಡಿಎಚ್‌ಎಸ್‌ನವರು ಇದನ್ನು ಸ್ಟಾಟಾ, ಎಸ್‌ಪಿಎಸ್‌ಎಸ್ ಎಂಬ ಎರಡೂ ಅಂಕಿಅಂಶ ಸಾಫ್ಟ್‌ವೇರ್‌ಗಳ ರೂಪದಲ್ಲಿ ಕೊಡುತ್ತಾರೆ, ಅಂಥದ್ದೇ ಇನ್ನೊಂದಾದ ಆರ್ ಎರಡನ್ನೂ ಓದುತ್ತದೆ. ಹೋಲಿಸೋದಕ್ಕೆ ಇದಕ್ಕಿಂತ ಅನುಕೂಲ ಬೇಕಾ?

ಮೊದಲ ಪರೀಕ್ಷೆ, ಎರಡು ಸುತ್ತುಗಳನ್ನು ಒಂದರ ಕೆಳಗೆ ಒಂದು ಸೇರಿಸುವುದು. ಸ್ಟಾಟಾದಲ್ಲಿ ಅಪೆಂಡ್ ಕೊಟ್ಟರೆ ಮೊದಲು ತೆರೆದ ಫೈಲಿನ ಲೇಬಲ್ಲೇ, ಅಂದರೆ ಕೋಡ್‌ಗೆ ಅಲ್ಲಿ ಕೊಟ್ಟ ಹೆಸರೇ, ಉಳಿಯುತ್ತದೆ. ಹಳೇ ಸುತ್ತು ಮೊದಲಿದ್ದರೆ ಹೊಸ ಸುತ್ತಿನ ಕರ್ನಾಟಕಕ್ಕೆಲ್ಲ ‘ರಾಜಸ್ಥಾನ’ ಅಂತ ಹೆಸರು ಬಂದುಬಿಡುತ್ತದೆ. ಈ ಲೇಬಲ್ ಆಗಲೇ ಇದೆ ಅಂತ ಒಂದು ಸಣ್ಣ ಸಾಲು ಬರುತ್ತದೆ ನಿಜ, ಆದರೆ ಅಂಥ ನೂರಾರು ಸಾಲುಗಳ ಮಧ್ಯೆ ಅದನ್ನು ಯಾರು ನೋಡುತ್ತಾರೆ? ಎಸ್‌ಪಿಎಸ್‌ಎಸ್ ಕೂಡ ಮೊದಲ ಫೈಲಿನ ಲೇಬಲ್ ಇಟ್ಟುಕೊಂಡು ಮುಂದೆ ಹೋಗುತ್ತದೆ. ಆರ್‌ನಲ್ಲಿ ಹೇವನ್ ಪ್ಯಾಕೇಜಿನಿಂದ ಓದಿ, ಬೈಂಡ್ ರೋಸ್ ಕಮಾಂಡ್ ಕೊಟ್ಟಾಗ ಮಾತ್ರ ಎರಡರ ಲೇಬಲ್ ಹೊಂದುತ್ತಿಲ್ಲ ಎಂದು ಎಚ್ಚರಿಕೆ ಬಂತು, ಯಾವ ಯಾವ ಕೋಡ್ ಎಂಬ ಪಟ್ಟಿಯ ಸಮೇತ. ಈ ಪರೀಕ್ಷೆಯಲ್ಲಿ ಆರ್ ಗೆದ್ದಿತು.

ಸೇರಿಸಿದ ಮೇಲೆ ಸ್ಟಾಟಾದಲ್ಲಿ ಕೋಡ್‌ಬುಕ್ ತೆಗೆದರೆ ತಪ್ಪು ಕಾಣುತ್ತದಾ? ಒಂದು ಎಳೆ ಮಾತ್ರ ಸಿಗುತ್ತದೆ. ಲಡಾಖ್‌ನ ಕೋಡ್ 37. ಹಳೇ ಸುತ್ತಿನಲ್ಲಿ ಕೋಡ್ 36ಕ್ಕೇ ಮುಗಿದಿತ್ತು. ಹಾಗಾಗಿ ‘ಕೋಡ್‌ಬುಕ್, ಪ್ರಾಬ್ಲಮ್ಸ್’ ಅಂತ ಕೊಟ್ಟಾಗ ವಿ024ಕ್ಕೆ ಪೂರ್ತಿ ಲೇಬಲ್ ಇಲ್ಲ ಎಂದು ತೋರಿಸುತ್ತದೆ. ಲಡಾಖ್ ಬೇರೆ ಆಗದೇ ಇದ್ದಿದ್ದರೆ ಅದೂ ಇಲ್ಲ.

ಆದರೂ ದಿನನಿತ್ಯದ ಕೆಲಸಕ್ಕೆ ಸ್ಟಾಟಾದ ಕೋಡ್‌ಬುಕ್ ಕಮಾಂಡೇ ನನಗೆ ಜಾಸ್ತಿ ಇಷ್ಟ. ಒಂದು ವೇರಿಯಬಲ್ ಹೆಸರು ಕೊಟ್ಟರೆ ಅದರ ಬಗೆ, ಕನಿಷ್ಠ, ಗರಿಷ್ಠ, ಎಷ್ಟು ಬೇರೆ ಬೇರೆ ಬೆಲೆಗಳಿವೆ, ಎಷ್ಟು ಖಾಲಿ, ಎಲ್ಲ ಎದುರಿಗೆ ಬರುತ್ತದೆ. ವಿ445 ನೋಡಿ, ದೇಹ ತೂಕದ ಸೂಚ್ಯಂಕ, ಅಂದರೆ ಬಿಎಂಐ. ಗರಿಷ್ಠ ಬೆಲೆ 9998 ಅಂತ ಬರುತ್ತದೆ. ಇಲ್ಲಿ ಎರಡು ವಿಷಯ ಇವೆ. ಒಂದು, ಈ ಡೇಟಾದಲ್ಲಿ ಬಿಎಂಐಗೆ ದಶಮಾಂಶದ ಚುಕ್ಕೆ ಹಾಕಿಲ್ಲ, 2150 ಅಂದರೆ 21.50. ಎರಡು, 9998 ಅಳತೆಯೇ ಅಲ್ಲ, ನಂಬಲಾಗದ ಅಳತೆಗೆ ಹಾಕಿದ ಗುರುತು. ಸರಾಸರಿ ತೆಗೆಯುವ ಮುಂಚೆ ಈ ಒಂದು ಸಾಲು ಕಣ್ಣಿಗೆ ಬಿದ್ದರೆ ಸಾಕು. ಚೆಂದದ ಗ್ರಾಫ್ ಇಲ್ಲ, ಬಣ್ಣ ಇಲ್ಲ, ಆದರೆ ಕೇಳಬೇಕಾದ ಪ್ರಶ್ನೆಯನ್ನು ಅದೇ ಎತ್ತಿಕೊಡುತ್ತದೆ.

ಪ್ರಾಬ್ಲಮ್ಸ್ ಆಯ್ಕೆಯಲ್ಲಿ ಕಿರಿಕಿರಿಯೂ ಇದೆ. ಸಂಖ್ಯೆಯ ಎಷ್ಟೋ ವೇರಿಯಬಲ್‌ಗಳಲ್ಲಿ 98ಕ್ಕೆ ಮಾತ್ರ ‘ಗೊತ್ತಿಲ್ಲ’ ಎಂದು ಲೇಬಲ್ ಇರುತ್ತದೆ. ಉಳಿದ ಸಂಖ್ಯೆಗಳಿಗೆ ಲೇಬಲ್ ಬೇಕಾಗಿಯೇ ಇಲ್ಲ. ಆದರೂ ಅವೆಲ್ಲ ದೂರಿನ ಪಟ್ಟಿಗೆ ಸೇರುತ್ತವೆ. ಇತ್ತ ವೇರಿಯಬಲ್ ಲೇಬಲ್ಲೇ ಇಲ್ಲದವು ಯಾವುವು ಎಂದು ಅದು ಹೇಳಲ್ಲ, ಅದಕ್ಕೆ ಡಿಎಸ್ ಎಂಬ ಬೇರೆ ಕಮಾಂಡ್ ಬೇಕು.

ಈಗ ಖಾಲಿ ಉತ್ತರಗಳ ವಿಚಾರ. ಕೋಡ್‌ಬುಕ್‌ಗಳು ನಿಜವಾಗಿ ಬೇರೆ ಬೇರೆ ಆಗೋದು ಇಲ್ಲೇ. ಸಮೀಕ್ಷೆಯಲ್ಲಿ ಉತ್ತರ ಇಲ್ಲ ಅನ್ನೋದಕ್ಕೆ ಹಲವು ಕಾರಣ ಇರುತ್ತವೆ. ಗೊತ್ತಿಲ್ಲ ಅಂದರು, ಹೇಳಲು ಒಪ್ಪಲಿಲ್ಲ, ಉತ್ತರ ಹೊಂದಲಿಲ್ಲ, ಪ್ರಶ್ನೆಯೇ ಅವರಿಗೆ ಅನ್ವಯಿಸಲ್ಲ. ಸ್ಟಾಟಾದಲ್ಲಿ ಬರೀ ಚುಕ್ಕೆಯ ಜೊತೆಗೆ ಚುಕ್ಕೆ-ಎ ಯಿಂದ ಚುಕ್ಕೆ-ಝಡ್ ತನಕ ಇನ್ನೂ 26 ಬಗೆಯ ಖಾಲಿಗಳಿವೆ, ಪ್ರತಿಯೊಂದಕ್ಕೂ ಲೇಬಲ್ ಕೊಡಬಹುದು. ಕೋಡ್‌ಬುಕ್‌ನಲ್ಲಿ ಬರೀ ಚುಕ್ಕೆ ಬೇರೆ, ಉಳಿದ ಖಾಲಿಗಳು ಬೇರೆ ಎಂದು ಎಣಿಕೆಯಾಗುತ್ತವೆ. ಎಸ್‌ಪಿಎಸ್‌ಎಸ್‌ನಲ್ಲಿ ಮಿಸ್ಸಿಂಗ್ ಕಾಲಂಗೆ ಮೂರೇ ಬೆಲೆ, ಇಲ್ಲವೇ ಒಂದು ವ್ಯಾಪ್ತಿ ಮತ್ತು ಇನ್ನೊಂದು ಬೆಲೆ. ನಾಲ್ಕನೇ ಕಾರಣ ಬಂದರೆ ಕೋಡ್‌ಗಳನ್ನು 96ರಿಂದ 99ರ ಹಾಗೆ ಪಕ್ಕಪಕ್ಕ ಜೋಡಿಸಿಕೊಳ್ಳಬೇಕು. ಆದರೆ ಅದರಲ್ಲೊಂದು ಒಳ್ಳೇದಿದೆ, 98 ಎಂಬ ಮೂಲ ಸಂಖ್ಯೆ ಹಾಗೇ ಉಳಿಯುತ್ತದೆ.

ಆರ್ ಇಲ್ಲಿ ಸೋತಿತು. ಎಸ್‌ಪಿಎಸ್‌ಎಸ್ ಫೈಲನ್ನು ಹೇವನ್‌ನಿಂದ ಸುಮ್ನೆ ಓದಿದರೆ ಮಿಸ್ಸಿಂಗ್ ಎಂದು ಗುರುತಿಸಿದ್ದೆಲ್ಲ ಒಂದೇ ಎನ್‌ಎ, ಅಂದರೆ ಬರೀ ಖಾಲಿ, ಆಗಿಬಿಡುತ್ತದೆ. ಓದುವಾಗಲೇ ಯೂಸರ್ ಎನ್‌ಎ ಉಳಿಸು ಎಂದು ಹೇಳಬೇಕು. ಹೇಳದಿದ್ದರೆ ಆಮೇಲೆ ಎಷ್ಟು ಚೆಂದದ ಕೋಡ್‌ಬುಕ್ ಮಾಡಿದರೂ ‘ಒಪ್ಪಲಿಲ್ಲ’ ಅಂದವರು ಅದರಲ್ಲಿ ಇರಲ್ಲ.

ಆರ್‌ನ ಇನ್ನೊಂದು ಚಾಳಿ ಲೇಬಲ್ ಕಳೆಯುವುದು. ವಿ190 ಎಂಬ ಸಂಪತ್ತಿನ ಸೂಚ್ಯಂಕದಲ್ಲಿ ಐದು ಹಂತ. ಅದನ್ನು ಇಫ್ಎಲ್ಸ್ ಬಳಸಿ ಎರಡು ಗುಂಪು ಮಾಡಿದರೆ ಹೊಸದಕ್ಕೆ ಲೇಬಲ್ ಇರಲ್ಲ. ಸ್ಟಾಟಾದ ರೀಕೋಡ್ ಕನಿಷ್ಠ ‘ವಿ190ರ ರೀಕೋಡ್’ ಅಂತಾದರೂ ಲೇಬಲ್ ಅಂಟಿಸುತ್ತದೆ.

ಹಾಗಂತ ಆರ್ ಬಿಡಬೇಕಿಲ್ಲ. ಲೇಬಲ್ಡ್ ಪ್ಯಾಕೇಜಿನ ಜನರೇಟ್ ಡಿಕ್ಷನರಿ ಕೊಡುವ ಪಟ್ಟಿ ಒಂದು ಟೇಬಲ್, ಅದನ್ನು ಸೋಸಬಹುದು, ಎಕ್ಸೆಲ್‌ಗೆ ಕಳಿಸಬಹುದು. ಲುಕ್ ಫಾರ್ ಎಂದು ‘ಅನೀಮಿಯಾ’ ಹುಡುಕಿದರೆ ಸಾವಿರಾರು ವೇರಿಯಬಲ್‌ಗಳಲ್ಲಿ ವಿ457 ಥಟ್ಟನೆ ಸಿಗುತ್ತದೆ. ಸ್ಟಾಟಾದಲ್ಲೂ ಲುಕ್‌ಫಾರ್ ಇದೆ, ಅದೂ ಚುರುಕೇ. ಆರ್‌ಗೆ ರೂಬನ್ ಆರ್ಸ್ಲನ್ ಬರೆದ ಕೋಡ್‌ಬುಕ್ ಎಂಬ ಪ್ಯಾಕೇಜ್ ಬೇರೆಯೇ ದಾರಿ. ಪ್ರತಿ ವೇರಿಯಬಲ್‌ಗೂ ಗ್ರಾಫ್ ಹಾಕಿ ಒಂದು ವೆಬ್ ಪುಟ ಕಟ್ಟುತ್ತದೆ, ಗೂಗಲ್‌ನ ಡೇಟಾಸೆಟ್ ಹುಡುಕಾಟಕ್ಕೆ ಸಿಗುವಂತೆ ವಿವರಗಳನ್ನೂ ಒಳಗೆ ಸೇರಿಸುತ್ತದೆ. ಮನಶ್ಶಾಸ್ತ್ರದ ಪ್ರಶ್ನಾವಳಿಗಳಿಗೆ ಹೇಳಿ ಮಾಡಿಸಿದ್ದು. ನಮ್ಮ ಫೈಲಿಗೆ ಅದು ಭಾರ. ಬೇಕಾದ ಕೆಲವು ವೇರಿಯಬಲ್ ಆರಿಸಿಕೊಂಡು ಓಡಿಸಿದರೆ ಸರಿ, ಪೂರ್ತಿ ಫೈಲ್ ಕೊಟ್ಟರೆ ಊಟ ಮಾಡಿ ಬಂದರೂ ಮುಗಿಯಲ್ಲ.

ಕನ್ನಡದಲ್ಲಿ ಲೇಬಲ್ ಬೇಕು ಅನ್ನುವವರಿಗೆ ಸ್ಟಾಟಾದಲ್ಲಿ ಒಂದು ಅಪರೂಪದ ಸೌಲಭ್ಯ ಇದೆ. 2015ರ 14ನೇ ಆವೃತ್ತಿಯಿಂದ ಯುನಿಕೋಡ್ ನಡೆಯುತ್ತದೆ. ಅದರ ಜೊತೆ ಲೇಬಲ್ ಲ್ಯಾಂಗ್ವೇಜ್ ಕಮಾಂಡ್ ಬಳಸಿ ಒಂದೇ ಫೈಲಿನಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಲೇಬಲ್ ಇಟ್ಟು ಬೇಕಾದಾಗ ಬದಲಿಸಬಹುದು. ವೇರಿಯಬಲ್ ಲೇಬಲ್‌ಗೆ 80 ಅಕ್ಷರದ ಮಿತಿ, ಆದರೆ ಎಣಿಕೆ ನಮ್ಮ ಹಾಗಲ್ಲ. ‘ಕ್ಷೇ’ ನಮಗೆ ಒಂದು, ಅದಕ್ಕೆ ನಾಲ್ಕು. ಎಸ್‌ಪಿಎಸ್‌ಎಸ್ ಬೈಟ್‌ನಲ್ಲಿ ಲೆಕ್ಕ ಹಾಕುತ್ತದೆ, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. ವೇರಿಯಬಲ್ ಲೇಬಲ್‌ಗೆ 256 ಬೈಟ್ ಇರೋದರಿಂದ ಪರವಾಗಿಲ್ಲ. ಉತ್ತರಗಳ ಲೇಬಲ್‌ಗೆ 120 ಬೈಟ್ ಮಾತ್ರ, ಅಂದರೆ 40 ಚಿಹ್ನೆ. ‘ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆದರು’ ಅಂತ ಬರೆಯಲು ಹೋದರೆ ಕತ್ತರಿ ಬೀಳುತ್ತದೆ.

ಎಸ್‌ಪಿಎಸ್‌ಎಸ್‌ನ ಬಲ ಇರೋದು ವೇರಿಯಬಲ್ ವ್ಯೂನಲ್ಲಿ, ಅಂದರೆ ಪ್ರತಿ ವೇರಿಯಬಲ್‌ನ ವಿವರ ಒಂದೊಂದು ಸಾಲಾಗಿ ತೋರಿಸುವ ಪರದೆಯಲ್ಲಿ. ಕೋಡ್ ಬರೆಯದವರೂ ಅಲ್ಲಿ ಕೂತು ಲೇಬಲ್ ತುಂಬಬಹುದು. ಫೀಲ್ಡ್ ತಂಡದ ಜೊತೆ ಕೆಲಸ ಮಾಡುವಾಗ ಇದು ಸಣ್ಣ ವಿಷಯ ಅಲ್ಲ. ದುಡ್ಡು ಕೊಡಲಾಗದಿದ್ದರೆ ಅದನ್ನೇ ಹೋಲುವ ಪಿಎಸ್‌ಪಿಪಿ ಉಚಿತ, ವೇರಿಯಬಲ್ ವ್ಯೂ ಅದರಲ್ಲೂ ಇದೆ, ಡಿಸ್‌ಪ್ಲೇ ಡಿಕ್ಷನರಿ ಕೊಟ್ಟರೆ ಪಟ್ಟಿಯೂ ಬರುತ್ತದೆ.

ಕೈಯಲ್ಲಿ ಮಾಡಿದ ಎಕ್ಸೆಲ್ ಹಾಳೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡೇಟಾ ಬದಲಾದಾಗ ಅದು ತಾನಾಗಿ ಬದಲಾಗಲ್ಲ, ಅಷ್ಟೇ. ಆದರೆ ಪ್ರಶ್ನೆ ಯಾವ ಮಾತಿನಲ್ಲಿ ಕೇಳಿದರು, ಯಾರನ್ನು ಕೇಳದೆ ಬಿಟ್ಟರು ಅನ್ನೋದನ್ನು ಬರೆಯಲು ಅಲ್ಲಿ ಜಾಗ ಧಾರಾಳ. ಸ್ಟಾಟಾದಲ್ಲಿ ನೋಟ್ಸ್ ಕಮಾಂಡ್ ಇದೇ ಕೆಲಸ ಮಾಡುತ್ತದೆ, ಬೇಕಿದ್ದರೆ ತಾರೀಕು ಸಮೇತ, ಫೈಲಿನ ಒಳಗೇ. ಯಾಕೋ ಅದನ್ನು ಬಳಸುವವರು ಕಡಿಮೆ.

ಇನ್ನೊಂದು ಮಾತು. ಇವುಗಳಲ್ಲಿ ಬರುವ ಎಣಿಕೆಗಳು ತೂಕ ಹಾಕದ ಎಣಿಕೆಗಳು. ತೂಕ ಅಂದರೆ ಒಬ್ಬರ ಉತ್ತರ ಒಟ್ಟು ಲೆಕ್ಕದಲ್ಲಿ ಎಷ್ಟು ಭಾರ ಎಂಬ ಸಂಖ್ಯೆ, ಅದು ವಿ005ರಲ್ಲಿದೆ. ವಿ005ನ್ನು 10 ಲಕ್ಷದಿಂದ ಭಾಗಿಸಿ ತೂಕ ಕೊಡದೆ ಕೋಡ್‌ಬುಕ್‌ನ ಶೇಕಡಾವಾರನ್ನು ವರದಿಗೆ ಎತ್ತಿ ಹಾಕಬಾರದು.

ನಾನೀಗ ಮಾಡೋದು ಇಷ್ಟು. ಎರಡು ಫೈಲ್ ಸೇರಿಸುವ ಕೆಲಸ ಆರ್‌ನಲ್ಲಿ, ಅದು ಬೈಯುತ್ತದೆ ಅಂತಲೇ. ತಪಾಸಣೆ ಮತ್ತು ಲೇಬಲ್ ಸ್ಟಾಟಾದಲ್ಲಿ. ಬೇರೆಯವರಿಗೆ ಕಳಿಸುವಾಗ ಡಿಕ್ಷನರಿ ಟೇಬಲನ್ನು ಎಕ್ಸೆಲ್‌ಗೆ ಇಳಿಸಿ, ಪಕ್ಕದಲ್ಲಿ ಪ್ರಶ್ನೆ ಸಂಖ್ಯೆಗೆ ಒಂದು ಕಾಲಂ ಸೇರಿಸುತ್ತೇನೆ. ಸ್ಟಾಟಾ ಕೊಳ್ಳಲಾಗದ ವಿದ್ಯಾರ್ಥಿಗಳು ಕೇಳಿದರೆ ಹೇವನ್ ಮತ್ತು ಲೇಬಲ್ಡ್ ಸಾಕು ಅನ್ನುತ್ತೇನೆ, ಯೂಸರ್ ಎನ್‌ಎ ಮರೆಯದಿದ್ದರೆ.