ವಿ-ಮ್ಯಾಕ್ಸ್, ವಿ-ಸ್ಟಾರ್, ಇಎಕ್ಸ್: ಮೂರನ್ನೂ ಆಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪೋಕೆಮಾನ್ ಕಾರ್ಡಾಟದ ಈ ಮೂರು ಬಗೆಯ ದೊಡ್ಡ ಕಾರ್ಡುಗಳಲ್ಲಿ ನನ್ನ ಮತ ಇಎಕ್ಸ್‌ಗೆ. ಅದರಲ್ಲೂ 2023ರ ಆಗಸ್ಟ್‌ನಲ್ಲಿ ಅಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನಲ್ಲಿ ಬಂದ, ಚಾರಿಜಾರ್ಡ್ ಎಂಬ ಪೋಕೆಮಾನ್‌ನ ಇಎಕ್ಸ್ ಕಾರ್ಡಿಗೆ. ವಿ-ಮ್ಯಾಕ್ಸ್ ಕೊಂಡು ಕೈ ಸುಟ್ಟುಕೊಂಡವನು ನಾನು. ವಿ-ಸ್ಟಾರ್ ಜೊತೆ ಒಂದೂವರೆ ವರ್ಷ ಚೆನ್ನಾಗಿಯೇ ಕಳೆದೆ. ಆದರೆ ಇಂದಿಗೂ ನನ್ನ ಡೆಕ್‌ನಲ್ಲಿ, ಅಂದರೆ ಆಡಲು ಜೋಡಿಸಿಕೊಂಡ ಕಾರ್ಡುಗಳ ಕಟ್ಟಿನಲ್ಲಿ, ಉಳಿದಿರುವುದು ಇಎಕ್ಸ್ ಒಂದೇ.

ವಿಜಯಪುರದಲ್ಲಿ ಈಗ ಪೋಕೆಮಾನ್ ಕಾರ್ಡ್ ಆಡುವ ಮಕ್ಕಳು ಓಣಿಗೊಬ್ಬರಾದರೂ ಸಿಗುತ್ತಾರೆ. ನನ್ನ ಅಕ್ಕನ ಮಗನಿಗೆ ಹನ್ನೆರಡು ವರ್ಷ. ಭಾನುವಾರ ಊಟವಾದ ಮೇಲೆ ನಾವಿಬ್ಬರೂ ನವಲಗುಂದದ ಜಮಖಾನೆಯ ಮೇಲೆ ಡೆಕ್ ಹರಡಿಕೊಂಡು ಕೂತರೆ ಸಂಜೆಯ ಚಹಾದವರೆಗೆ ಏಳುವುದಿಲ್ಲ. ಅವನ ಗೆಳೆಯರ ತಂದೆತಾಯಂದಿರು ನನ್ನನ್ನು ಕೇಳುವುದು ಒಂದೇ ಮಾತು: 'ಈ ದೊಡ್ಡ ಕಾರ್ಡುಗಳಲ್ಲಿ ಯಾವುದನ್ನು ಕೊಡಿಸಬೇಕು?' ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಿದ್ಧೇಶ್ವರ ಜಾತ್ರೆಯ ಸಾಲಂಗಡಿಯಲ್ಲಿ ಸಿಗುವ ಬಂಗಾರ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಅವು ನಕಲಿ. ಅಸಲಿ ಕಾರ್ಡಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎರಡು ಬಿಳಿ ಪದರಗಳ ನಡುವೆ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ ಕಾಣುತ್ತದೆ. ಬಂಗಾರದ ಕಾರ್ಡಿನಲ್ಲಿ ಅದು ಇರುವುದಿಲ್ಲ. ಮಕ್ಕಳು ಅವುಗಳಿಂದ ಆಡಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಅವುಗಳಿಗೆ ಅಸಲಿಯ ಬೆಲೆ ಕೊಡಬೇಡಿ.

ಇನ್ನು ನನ್ನ ವಿ-ಮ್ಯಾಕ್ಸ್ ಕಥೆ. 2023ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಎರಡು ಚಾರಿಜಾರ್ಡ್ ವಿ, ಅವುಗಳ ಮೇಲೆ ಇಳಿಸುವ ಎರಡು ಚಾರಿಜಾರ್ಡ್ ವಿ-ಮ್ಯಾಕ್ಸ್ ಮತ್ತು ಅವುಗಳ ಸುತ್ತ ಕಟ್ಟಿದ ಪೂರ್ತಿ 60 ಕಾರ್ಡುಗಳ ಡೆಕ್ ತರಿಸಿಕೊಂಡೆ. 'ಪಂದ್ಯಕ್ಕೆ ಸಿದ್ಧ' ಎಂದು ಅವರು ಬರೆದಿದ್ದರು. ಕಾರ್ಡಿನಲ್ಲಿ ಒಂದು ಗೀರೂ ಇರಲಿಲ್ಲ. 330 ಎಚ್‌ಪಿ (ಬೀಳುವ ಮುನ್ನ ಅದು ತಾಳುವ ಏಟಿನ ಲೆಕ್ಕ), 300ರ ಏಟು, ಬೆಂಕಿಯ ರೆಕ್ಕೆ ಬಿಚ್ಚಿ ನಿಂತ ಚಿತ್ರ. ಅಕ್ಕನ ಮಗ ಅದನ್ನು ಸ್ಲೀವ್ ಎಂಬ ಪ್ಲಾಸ್ಟಿಕ್ ಕವಚಕ್ಕೆ ಹಾಕುವ ಮುನ್ನ ಕೈ ತೊಳೆದುಕೊಂಡು ಬಂದಿದ್ದ.

ಜೂನ್‌ನಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸವಿತ್ತು. ಅವನನ್ನೂ ಕರೆದುಕೊಂಡು ಗೋಲಗುಂಬಜ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯೆಲ್ಲ ಮೇಲಿನ ಬರ್ತ್‌ನಲ್ಲಿ ಡೆಕ್ ಡಬ್ಬಿಯನ್ನು ತಲೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದ. ಭಾನುವಾರ ಆಟದ ಅಂಗಡಿಯೊಂದರಲ್ಲಿ ಪಂದ್ಯವಿತ್ತು. ಆಡಿಸುವವರು ಡೆಕ್ ಪರಿಶೀಲಿಸುತ್ತ ಚಾರಿಜಾರ್ಡ್ ಬಂದ ಕೂಡಲೇ ನಿಲ್ಲಿಸಿದರು. ಕಾರ್ಡನ್ನು ನಮ್ಮ ಕಡೆ ತಿರುಗಿಸಿ ಕೆಳಗಿನ ಎಡ ಮೂಲೆಗೆ ಬೆರಳಿಟ್ಟರು. ಅಲ್ಲಿ ಪುಟ್ಟ ಚೌಕದೊಳಗೆ ಸಾಸಿವೆ ಕಾಳಿನಷ್ಟು ಸಣ್ಣದೊಂದು ಅಕ್ಷರ: ಡಿ.

'ಡಿ ಅಕ್ಷರದವು ಏಪ್ರಿಲ್‌ನಲ್ಲೇ ಹೊರಗೆ ಹೋದವಲ್ಲ' ಎಂದರು ಅವರು, ತುಂಬ ಮೆದುವಾಗಿ.

ಆ ಅಕ್ಷರವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅದು ಕಾರ್ಡಿನ ಆಯುಷ್ಯ ಹೇಳುವ ಗುರುತು. ಸ್ಟ್ಯಾಂಡರ್ಡ್ ಎಂಬ ಮುಖ್ಯ ಪಂದ್ಯದ ನಿಯಮದಲ್ಲಿ ಯಾವ ಯಾವ ಅಕ್ಷರದ ಕಾರ್ಡು ನಡೆಯುತ್ತದೆ ಎಂದು ಕಂಪನಿ ಸಾರುತ್ತದೆ, ಹಳೆಯ ಅಕ್ಷರಗಳನ್ನು ಸರದಿಯಂತೆ ಕೆಳಗಿಳಿಸುತ್ತದೆ. ಡಿ ಇಳಿದದ್ದು 2023ರ ಏಪ್ರಿಲ್‌ನಲ್ಲಿ. ನಾನು ದುಡ್ಡು ಕೊಟ್ಟದ್ದು ಮೇ ತಿಂಗಳಲ್ಲಿ. ಮಾರಿದವರಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆಗ ತಾನೇ ಆಟದಿಂದ ಹೊರಬಿದ್ದ ಡೆಕ್ಕನ್ನು 'ಪಂದ್ಯಕ್ಕೆ ಸಿದ್ಧ' ಎಂದು ಮಾರುವುದು ತಪ್ಪು. ಅದನ್ನು ಅವರಿಗೆ ಬರೆದೂ ತಿಳಿಸಿದೆ. ಉತ್ತರ ಬರಲಿಲ್ಲ.

ಎಲ್ಲ ಹಳೆಯ ಕಾರ್ಡೂ ವ್ಯರ್ಥವಲ್ಲ, ಇದನ್ನೂ ಆ ದಿನವೇ ಕಲಿತೆ. ಅದೇ ಹೆಸರಿನ ಅದೇ ಕಾರ್ಡು ಹೊಸ ಅಕ್ಷರದೊಂದಿಗೆ ಮರುಮುದ್ರಣವಾಗಿದ್ದರೆ ನಿಮ್ಮ ಹಳೆಯ ಪ್ರತಿಯೂ ನಡೆಯುತ್ತದೆ. ನಮ್ಮ ಡೆಕ್‌ನ ರೇರ್ ಕ್ಯಾಂಡಿ ಎಂಬ ಸಹಾಯಕ ಕಾರ್ಡು ಆ ದಾರಿಯಲ್ಲಿ ಉಳಿದುಕೊಂಡಿತು. ಚಾರಿಜಾರ್ಡ್ ವಿ-ಮ್ಯಾಕ್ಸ್‌ಗೆ ಆ ಭಾಗ್ಯ ಇರಲಿಲ್ಲ. ಎಕ್ಸ್‌ಪ್ಯಾಂಡೆಡ್ ಎಂಬ ಇನ್ನೊಂದು ಬಗೆಯ ಪಂದ್ಯವಿದೆ, ಅಲ್ಲಿ ಬ್ಲ್ಯಾಕ್ ಅಂಡ್ ವೈಟ್ ಎಂಬ ಹಳೆಯ ಸೆಟ್‌ನ ಕಾಲದಿಂದೀಚಿನ ಸೆಟ್‌ಗಳಿಗೆ ಅವಕಾಶ. ಆದರೆ ನಾವು ಹೋಗುವ ಅಂಗಡಿಯಲ್ಲಿ ಅದನ್ನು ಆಡಿಸುವುದಿಲ್ಲ. ಆ ಭಾನುವಾರ ಅಂಗಡಿಯವರೇ ಒಂದು ಡೆಕ್ ಎರವಲು ಕೊಟ್ಟರು, ಹುಡುಗ ಆಡಿದ. ನಮ್ಮ ಚಾರಿಜಾರ್ಡ್ ಮಾತ್ರ ಡಬ್ಬಿಯಲ್ಲೇ ಕೂತಿತ್ತು. ಸಣ್ಣ ಮಕ್ಕಳನ್ನು ಬೇಸರವಾಗದಿರಲೆಂದು ಆಟಕ್ಕೆ ಸೇರಿಸಿಕೊಂಡಾಗ ನಾವು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುತ್ತೇವಲ್ಲ, ನನ್ನ ವಿ-ಮ್ಯಾಕ್ಸ್ ಅಂದಿನಿಂದ ಹಾಗೆ.

ಆಟದ ಮೇಲೂ ನನಗೆ ವಿ-ಮ್ಯಾಕ್ಸ್ ಬಗ್ಗೆ ತಕರಾರಿದೆ. ಇಬ್ಬರೂ ಆರಾರು ಪ್ರೈಜ್ ಕಾರ್ಡ್ ಇಟ್ಟುಕೊಂಡು ಕೂತಿರುತ್ತೇವೆ, ಮೊದಲು ಆರನ್ನೂ ಎತ್ತಿಕೊಂಡವರು ಗೆದ್ದರು. ಸಾಧಾರಣ ಪೋಕೆಮಾನ್ ಬಿದ್ದರೆ ಎದುರಾಳಿಗೆ ಒಂದು ಪ್ರೈಜ್. ವಿ, ವಿ-ಸ್ಟಾರ್ ಮತ್ತು ಇಎಕ್ಸ್ ಬಿದ್ದರೆ ಎರಡು. ವಿ-ಮ್ಯಾಕ್ಸ್ ಬಿದ್ದರೆ ಮೂರು. ಅಂದರೆ ಎರಡು ವಿ-ಮ್ಯಾಕ್ಸ್ ಬಿದ್ದರೆ ಆಟವೇ ಮುಗಿಯಿತು. ಅದರ 300ರ ಏಟಿಗೆ ಐದು ಎನರ್ಜಿ ಕಾರ್ಡು ಬೇಕು, ಹೊಡೆದ ಮೇಲೆ ಎರಡನ್ನು ಎಸೆಯಬೇಕು. ಕೈಯಿಂದ ಹಚ್ಚುವುದು ಸರದಿಗೆ ಒಂದೇ ಎನರ್ಜಿ. ಒಂದು ಸಲ ಗುಡುಗಿ ಆಮೇಲೆ ಮತ್ತೆ ಎನರ್ಜಿಗಾಗಿ ಕಾಯುತ್ತ ಕೂರುವ ಈ ರೀತಿ ನನ್ನ ಸ್ವಭಾವಕ್ಕೆ ಹೊಂದುವುದಿಲ್ಲ.

ವಿ-ಸ್ಟಾರ್ ಬಗ್ಗೆ ಅಂಥ ಸಿಟ್ಟಿಲ್ಲ. 2023ರ ದೀಪಾವಳಿಯ ಹೊತ್ತಿಗೆ ಆರ್ಸಿಯಸ್ ವಿ-ಸ್ಟಾರ್ ತೆಗೆದುಕೊಂಡೆ, ಈ ಸಲ ಮೊದಲು ಮೂಲೆಯ ಅಕ್ಷರ ನೋಡಿದೆ: ಎಫ್. ವಿ-ಸ್ಟಾರ್ ಎಂಬ ಬಗೆಯೇ 2022ರ ಬ್ರಿಲಿಯಂಟ್ ಸ್ಟಾರ್ಸ್ ಸೆಟ್‌ನಿಂದ ಶುರುವಾದದ್ದು, ಆರ್ಸಿಯಸ್ ಬಂದದ್ದೂ ಅದರಲ್ಲೇ. 280 ಎಚ್‌ಪಿ. 200ರ ಏಟು, ಜೊತೆಗೆ ಡೆಕ್‌ನಿಂದ ಮೂರು ಬೇಸಿಕ್ ಎನರ್ಜಿ ಹುಡುಕಿ ವಿ ಪೋಕೆಮಾನ್‌ಗಳಿಗೆ ಹಚ್ಚಬಹುದು. ಇದರ ಸೊಗಸಿರುವುದು ಸ್ಟಾರ್‌ಬರ್ತ್ ಎಂಬ ವಿ-ಸ್ಟಾರ್ ಶಕ್ತಿಯಲ್ಲಿ. ಇಡೀ ಡೆಕ್‌ನಲ್ಲಿ ನಿಮಗೆ ಬೇಕಾದ ಯಾವುದೇ ಎರಡು ಕಾರ್ಡನ್ನು ಕೈಗೆ ತೆಗೆದುಕೊಳ್ಳಬಹುದು. ಆದರೆ ವಿ-ಸ್ಟಾರ್ ಶಕ್ತಿ ಆಟಕ್ಕೆ ಒಂದೇ ಸಲ. ಬಳಸಿದ ಮೇಲೆ ಗುರುತಿನ ಬಿಲ್ಲೆಯನ್ನು ಮಗುಚಿಟ್ಟರೆ ಮುಗಿಯಿತು.

ಆ ಒಂದು ಸಲವನ್ನು ಯಾವಾಗ ಬಳಸಬೇಕೆಂದು ಅಕ್ಕನ ಮಗ ಕಾಯುವುದನ್ನು ನೋಡುವುದೇ ಒಂದು ಚಂದ. ಡೆಕ್ಕನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದು, ತುಟಿ ಕಚ್ಚಿಕೊಂಡು, ಒಂದೊಂದೇ ಕಾರ್ಡನ್ನು ಹೆಬ್ಬೆರಳಿನಿಂದ ಅರ್ಧ ಮೇಲೆತ್ತಿ ಮತ್ತೆ ಒಳಗೆ ತಳ್ಳುತ್ತಾನೆ. ನನಗೆ ಮಾತ್ರ ಒಂದೇ ಸಲ ಬರುವ ವರಕ್ಕಿಂತ ದಿನಾ ಸಿಗುವ ಕೂಲಿ ಮೇಲು. ಚಾರಿಜಾರ್ಡ್ ಇಎಕ್ಸ್ ಜೊತೆ ಇಡುವ ಪಿಜಿಯಾಟ್ ಇಎಕ್ಸ್ ಇದೆಯಲ್ಲ, ಅದು ಪ್ರತಿ ಸರದಿಯಲ್ಲೂ ಬೇಕಾದ ಒಂದು ಕಾರ್ಡನ್ನು ಡೆಕ್‌ನಿಂದ ತಂದುಕೊಡುತ್ತದೆ. ಐದು ಸರದಿ ಬದುಕಿದರೆ ಐದು ಕಾರ್ಡು. ಎಫ್ ಅಕ್ಷರವೂ 2025ರ ಏಪ್ರಿಲ್‌ನಲ್ಲಿ ಇಳಿಯಿತು. ಆದರೆ ಇಳಿಯುತ್ತದೆ ಎಂದು ತಿಳಿದೇ ಕೊಂಡಿದ್ದರಿಂದ ಬೇಸರವಾಗಲಿಲ್ಲ.

ಈಗ ನನ್ನ ಚಾರಿಜಾರ್ಡ್ ಇಎಕ್ಸ್. ಇದರ ಕಷ್ಟವನ್ನು ಮುಚ್ಚಿಡುವುದಿಲ್ಲ. ಇದು ಎರಡನೆಯ ಹಂತದ ಪೋಕೆಮಾನ್. ಚಾರ್ಮ್ಯಾಂಡರ್, ಆಮೇಲೆ ಚಾರ್ಮೀಲಿಯನ್, ಆಮೇಲೆ ಚಾರಿಜಾರ್ಡ್. ರೇರ್ ಕ್ಯಾಂಡಿ ಇದ್ದರೆ ನಡುವಿನ ಮೆಟ್ಟಿಲು ಹಾರಬಹುದು, ಆದರೆ ನಿಮ್ಮ ಮೊದಲ ಸರದಿಯಲ್ಲಾಗಲಿ, ಅದೇ ಸರದಿಯಲ್ಲಿ ಇಳಿಸಿದ ಚಾರ್ಮ್ಯಾಂಡರ್ ಮೇಲಾಗಲಿ ಅದು ನಡೆಯುವುದಿಲ್ಲ. ಕೈಯಲ್ಲಿ ಎರಡು ಚಾರಿಜಾರ್ಡ್ ಇದ್ದೂ ಕ್ಯಾಂಡಿ ಬಾರದೆ ನೆಲದ ಮೇಲಿನ ಪುಟ್ಟ ಚಾರ್ಮ್ಯಾಂಡರ್‌ಗಳು ಒಂದೊಂದಾಗಿ ಸಾಯುವುದನ್ನು ನೋಡಿದ್ದೇನೆ. ವಿ-ಮ್ಯಾಕ್ಸ್, ವಿ-ಸ್ಟಾರ್‌ಗಳಿಗೆ ಒಂದೇ ಮೆಟ್ಟಿಲು, ಅಷ್ಟರ ಮಟ್ಟಿಗೆ ಅವು ಸುಲಭ.

ಆದರೆ ಒಮ್ಮೆ ಎದ್ದು ನಿಂತಿತೆಂದರೆ! ಕೈಯಿಂದ ಇಳಿಸಿ ವಿಕಾಸ ಮಾಡಿದ ಕ್ಷಣದಲ್ಲೇ ಡೆಕ್‌ನಿಂದ ಮೂರು ಬೆಂಕಿ ಎನರ್ಜಿ ತಂದು ಹಚ್ಚುತ್ತದೆ. ಏಟಿಗೆ ಬೇಕಾದದ್ದು ಎರಡೇ. ಬೆಂಚ್ ಮೇಲೆ, ಅಂದರೆ ಹೋರಾಡುವ ಪೋಕೆಮಾನ್‌ನ ಹಿಂದಿನ ಸಾಲಿನಲ್ಲಿ, ಕೂತಿರುವಾಗ ಯಾವ ಏಟೂ ಅದಕ್ಕೆ ತಾಗುವುದಿಲ್ಲ. ಎಚ್‌ಪಿ ವಿ-ಮ್ಯಾಕ್ಸ್‌ನಷ್ಟೇ, 330. ಬಿದ್ದರೆ ಹೋಗುವುದು ಮಾತ್ರ ಎರಡೇ ಪ್ರೈಜ್.

ನನ್ನನ್ನು ಕಟ್ಟಿಹಾಕಿದ್ದು ಅದರ ಏಟಿನ ಲೆಕ್ಕ. ಮೂಲ 180. ಎದುರಾಳಿ ಎತ್ತಿಕೊಂಡ ಒಂದೊಂದು ಪ್ರೈಜ್‌ಗೂ ಇನ್ನೂ 30. ಅವರು ಗೆಲುವಿನ ಹತ್ತಿರ ಹೋದಷ್ಟೂ ನಿಮ್ಮ ಚಾರಿಜಾರ್ಡ್ ಬಲವಾಗುತ್ತದೆ. ಸೋಲುತ್ತಿರುವವನ ಪಕ್ಕದಲ್ಲಿ ನಿಲ್ಲುವ ಕಾರ್ಡು ಇದು.

ಕಳೆದ ಬೇಸಿಗೆಯ ಒಂದು ಆಟ ಹೇಳುತ್ತೇನೆ. ಮನೆಯಲ್ಲಿ ನಾವು ಅಕ್ಷರ ನೋಡುವುದಿಲ್ಲ, ಹಾಗಾಗಿ ಅವನು ನನ್ನ ಹಳೆಯ ವಿ-ಮ್ಯಾಕ್ಸ್ ಡೆಕ್ ಹಿಡಿದಿದ್ದ. ನನ್ನ ಒಂದು ಚಾರಿಜಾರ್ಡ್ ಬಿತ್ತು, ಪಿಜಿಯಾಟ್ ಬಿತ್ತು, ಮುಂದೆ ನಿಲ್ಲಿಸಿದ್ದ ಚಾರ್ಮ್ಯಾಂಡರ್ ಕೂಡ ಬಿತ್ತು. ಅವನು ಐದು ಪ್ರೈಜ್ ಎತ್ತಿ ಆಗಿತ್ತು, ಉಳಿದದ್ದು ಒಂದೇ. ನಾನು ಅವನ ಒಂದು ವಿ-ಮ್ಯಾಕ್ಸ್ ಬೀಳಿಸಿ ಮೂರರಲ್ಲಿದ್ದೆ. ಎದುರಿಗೆ ಅವನ ಎರಡನೆಯ ವಿ-ಮ್ಯಾಕ್ಸ್, ಒಂದು ಗಾಯವೂ ಇಲ್ಲದೆ, ಪೂರ್ತಿ 330. ಬೆಂಚ್ ಮೇಲೆ ಉಳಿದಿದ್ದ ಕೊನೆಯ ಚಾರ್ಮ್ಯಾಂಡರನ್ನು ಮುಂದಕ್ಕೆ ತಂದೆ. ಕೈಯಲ್ಲಿ ರೇರ್ ಕ್ಯಾಂಡಿ ಇತ್ತು. ಚಾರಿಜಾರ್ಡ್ ಇಳಿಸಿ ಎನರ್ಜಿ ಹಚ್ಚಿದೆ.

ಅವನೇ ಬೆರಳು ಮಡಚಿ ಲೆಕ್ಕ ಹಾಕಿದ. ಐದು ಮೂವತ್ತಲಿ ನೂರೈವತ್ತು. ನೂರಾ ಎಂಬತ್ತಕ್ಕೆ ಕೂಡಿಸಿದ. ಬೆರಳು ಮಡಚಿದ್ದು ಮಡಚಿದ ಹಾಗೇ ಇತ್ತು.

'ಮಾಮಾ, ಸರಿಯಾಗಿ ಮುನ್ನೂರಾ ಮೂವತ್ತು!'

ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ. ಉಳಿದ ಮೂರೂ ಪ್ರೈಜ್ ನನಗೆ ಬಂದವು. ಸೋತದ್ದಕ್ಕೆ ಅವನು ಮುಖ ಸಣ್ಣದು ಮಾಡಲಿಲ್ಲ. ಚಾರಿಜಾರ್ಡನ್ನು ಕೈಗೆತ್ತಿಕೊಂಡು ಅದರಲ್ಲಿ ಬರೆದದ್ದನ್ನು ಮೊದಲ ಸಲ ಓದುವವನಂತೆ ಓದಿದ.

ಉಳಿದ ವಿಷಯಗಳು ಚುಟುಕಾಗಿ. ಮೂರೂ ಹೊಳಪಿನ ಕಾರ್ಡುಗಳೇ, ನಮ್ಮ ಏಪ್ರಿಲ್‌ನ ಒಣ ಗಾಳಿಗೆ ಕಾಗದ ಕುಗ್ಗುತ್ತದೆ, ಹೊಳಪಿನ ಪದರ ಕುಗ್ಗುವುದಿಲ್ಲ, ಹಾಗಾಗಿ ಕಾರ್ಡು ಬಾಗುತ್ತದೆ. ಸ್ಲೀವ್ ಹಾಕಿ, ಗಟ್ಟಿ ಡಬ್ಬಿಯಲ್ಲಿ ಒತ್ತಾಗಿ ಇಡಿ. ಇದರಲ್ಲಿ ಮೂರಕ್ಕೂ ವ್ಯತ್ಯಾಸವಿಲ್ಲ. ಚಿತ್ರದ ಅಂದದಲ್ಲಿ ವಿ-ಮ್ಯಾಕ್ಸ್‌ಗೇ ಮೊದಲ ಸ್ಥಾನ, ಗೋಡೆಗೆ ಹಾಕುವುದಾದರೆ ಅದನ್ನೇ ಕೊಳ್ಳಿ. ಹೊಸಬರಿಗೆ ಕಲಿಸಲು ವಿ-ಸ್ಟಾರ್ ಒಳ್ಳೆಯದು. ಜಿಎಕ್ಸ್ ಎಂಬ ಹಳೆಯ ಬಗೆಯ ಕಾರ್ಡುಗಳನ್ನು ನಾನು ಆಡಿಲ್ಲ, ಅದರ ಬಗ್ಗೆ ಮಾತಾಡುವುದಿಲ್ಲ.

ಖರ್ಚಿನ ಮಾತು. ನಾನು ತಿಂಗಳಿಗೆ ಐನೂರು ರೂಪಾಯಿಗಿಂತ ಹೆಚ್ಚನ್ನು ಈ ಆಟಕ್ಕೆ ಎತ್ತಿಡುವುದಿಲ್ಲ, ಪ್ಯಾಕೆಟ್ ಹರಿದು ಅದೃಷ್ಟ ಪರೀಕ್ಷಿಸುವ ಚಟವನ್ನೂ ಬಿಟ್ಟಿದ್ದೇನೆ. ಬೇಕಾದ ಕಾರ್ಡನ್ನು ಬಿಡಿಯಾಗಿಯೇ ಕೊಳ್ಳುತ್ತೇನೆ. ಆ ಬಜೆಟ್‌ಗೆ ಚಾರಿಜಾರ್ಡ್ ಇಎಕ್ಸ್‌ನ ಸಾದಾ ಮುದ್ರಣ ದಕ್ಕಿತು. ಅದರ ವಿಶೇಷ ಚಿತ್ರದ ಮುದ್ರಣಗಳಿಗೆ ಹಲವು ಪಟ್ಟು ಬೆಲೆ, ಆದರೆ ಏಟು ಅದೇ 180. ವರ್ಷಕ್ಕೆ ಒಂದೆರಡು ಸಲ ಬೆಂಗಳೂರಿನ ಪಂದ್ಯ, ಉಳಿದ ಭಾನುವಾರಗಳೆಲ್ಲ ಜಮಖಾನೆಯ ಮೇಲೆ. ನನ್ನಂತೆ ಆಡುವವರು ಎರಡು ಚಾರಿಜಾರ್ಡ್ ಇಎಕ್ಸ್, ಒಂದು ಪಿಜಿಯಾಟ್ ಇಎಕ್ಸ್ ಮತ್ತು ನಾಲ್ಕು ರೇರ್ ಕ್ಯಾಂಡಿಯಿಂದ ಶುರುಮಾಡಲಿ. ದಿನವೂ ಪಂದ್ಯ ಆಡುವ ಊರಿನಲ್ಲಿರುವವರು ಮಾತ್ರ ಒಂದು ನೆನಪಿಡಬೇಕು: ಈ ಚಾರಿಜಾರ್ಡ್‌ನ ಅಕ್ಷರ ಜಿ. 2025ರ ಏಪ್ರಿಲ್‌ನಲ್ಲಿ ಎಫ್ ಇಳಿದಾಗ ಉಳಿದವುಗಳಲ್ಲಿ ಅದೇ ಹಿರಿಯದಾಗಿತ್ತು. ಎಫ್ ನಂತರದ ಸರದಿ ಅದರದೇ.

2025ರ ಸೆಪ್ಟೆಂಬರ್‌ನಲ್ಲಿ ಮೆಗಾ ಇಎಕ್ಸ್ ಎಂಬ ಇನ್ನೊಂದು ಬಗೆಯ ಕಾರ್ಡುಗಳು ಬಂದಿವೆ. ಅವು ಬಿದ್ದರೆ ಮತ್ತೆ ಮೂರು ಪ್ರೈಜ್. ನನಗಾಗಿ ನಾನು ಕೊಳ್ಳುವುದಿಲ್ಲ. ಅಕ್ಕನ ಮಗ ಹುಟ್ಟುಹಬ್ಬಕ್ಕೆ ಒಂದು ಬೇಕೆಂದು ಕೇಳಿದ್ದಾನೆ, ಕೊಡಿಸುತ್ತೇನೆ. ಈ ಸಲ ಮಾರುವವರಿಗೆ ಮೊದಲೇ ಬರೆದಿದ್ದೇನೆ: ಕೆಳಗಿನ ಎಡ ಮೂಲೆಯ ಫೋಟೋ ಕಳಿಸಿದ ಮೇಲೆ ದುಡ್ಡು.